ಬೀಗರ ಹಬ್ಬದೂಟಕ್ಕೆ ಖಾರದ ಕ್ರ್ಯಾನ್‌ಬೆರಿ ಗೊಜ್ಜು

ತಿಪಟೂರಿನ ಕಡೆಯ ಓದುಗ ಸೋದರಿಯೊಬ್ಬರಿಂದ ಹೋದ ವಾರ ನಾಲ್ಕು ಪುಟದ ಕಾಗದ ಬಂತು. ಮಗಳು ಅಮೆರಿಕದಲ್ಲಿದ್ದಾಳೆ, ಅಲ್ಲಿಯ ಹುಡುಗನನ್ನೇ ಮದುವೆಯಾಗಿದ್ದಾಳೆ. ಈ ನವೆಂಬರಿಗೆ ಬಾ ಅಂತ ಟಿಕೆಟ್ ಕಳಿಸಿದ್ದಾಳೆ. ಆ ತಿಂಗಳು ಅಲ್ಲಿ ಥ್ಯಾಂಕ್ಸ್‌ಗಿವಿಂಗ್ ಎಂಬ ಹಬ್ಬವಂತೆ, ಬೀಗರು ಊಟಕ್ಕೆ ಬರುತ್ತಾರಂತೆ, ಮೇಜಿನ ನಡುವೆ ಇಡೀ ಹಕ್ಕಿಯನ್ನೇ ಬೇಯಿಸಿ ಇಡುತ್ತಾರಂತೆ. "ನಾವು ಮೊಟ್ಟೆಯನ್ನೂ ಮುಟ್ಟದವರು. ಅಲ್ಲಿ ಕೂತು ನಾನೇನು ಮಾಡಲಿ? ಒಂದು ಪದಾರ್ಥವಾದರೂ ನನ್ನ ಕೈಯಿಂದ ಮಾಡಿ ಇಡೋಣ ಅಂದರೆ ಮಗಳು 'ನೀನು ಸುಮ್ಮನೆ ಕೂತಿರಮ್ಮ' ಅಂತಾಳೆ. ಹಾಗಂದದ್ದಕ್ಕೆ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ" ಎಂದು ಬರೆದಿದ್ದಾರೆ.

ಆ 'ಸುಮ್ಮನೆ ಕೂತಿರಮ್ಮ' ಅನ್ನುವ ಮಾತು ನನಗೂ ಚೆನ್ನಾಗಿ ಗೊತ್ತು ತಾಯಿ. 2018ರಲ್ಲಿ ನಾನು ನ್ಯೂಜೆರ್ಸಿಯ ಮಗಳ ಮನೆಯಲ್ಲಿದ್ದಾಗ ದಿನಕ್ಕೆ ಹತ್ತು ಸಲ ಕೇಳಿಸಿಕೊಂಡಿದ್ದೇನೆ. ನಲವತ್ತು ವರ್ಷ ಒಲೆಯ ಮುಂದೆ ನಿಂತವಳಿಗೆ ಕೂತಿರು ಅಂದರೆ ಎಲ್ಲಿ ಕೂರುವುದು ಹೇಳಿ! ಅವಳು ಪ್ರೀತಿಯಿಂದಲೇ ಅನ್ನುತ್ತಾಳೆ. ಆದರೂ ಮನಸ್ಸಿಗೆ ಚುಚ್ಚುತ್ತದೆ. ಅದಕ್ಕೇ ಈ ಪಕ್ಷದ ಅಂಕಣ ಪೂರ್ತಿ ತಿಪಟೂರಿನ ಸೋದರಿಗೆ. ಬೇರೆಯವರ ಕಾಗದಗಳಿಗೆ ಮುಂದಿನ ಸಂಚಿಕೆಯಲ್ಲಿ ಉತ್ತರ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಮೊದಲು ಹಬ್ಬದ ವಿಷಯ. ನವೆಂಬರಿನ ನಾಲ್ಕನೆಯ ಗುರುವಾರ ಇದು. ದೇವರ ಪೂಜೆಗಿಂತ ಊಟವೇ ದೊಡ್ಡದು. ಮಕ್ಕಳೆಲ್ಲ ಎಲ್ಲೆಲ್ಲಿಂದಲೋ ಊರಿಗೆ ಬಂದು ಒಟ್ಟಿಗೆ ಕೂತು ಉಣ್ಣಬೇಕು, ಅಷ್ಟೆ. ಇದು ದೇಶಕ್ಕೆಲ್ಲ ಒಂದೇ ದಿನ ಆದದ್ದರ ಹಿಂದೆ ಒಬ್ಬ ಹೆಂಗಸಿದ್ದಾಳೆ, ಅದೂ ನಮ್ಮಂಥ ಮಹಿಳಾ ಪತ್ರಿಕೆಯ ಸಂಪಾದಕಿ! ಸಾರಾ ಜೋಸೆಫಾ ಹೇಲ್ ಅಂತ ಹೆಸರು. 1822ರಲ್ಲಿ ಗಂಡ ತೀರಿಕೊಂಡಾಗ ಕೈಯಲ್ಲಿ ಐದು ಮಕ್ಕಳು. ಬರೆದು ಬದುಕಿದಳು. 'ಗೋಡೀಸ್ ಲೇಡೀಸ್ ಬುಕ್' ಎಂಬ ಪತ್ರಿಕೆಯನ್ನು 1837ರಿಂದ 1877ರವರೆಗೆ ನಡೆಸಿದಳು. ಈ ಹಬ್ಬ ಎಲ್ಲ ರಾಜ್ಯಗಳಲ್ಲೂ ಒಂದೇ ದಿನ ಆಗಬೇಕು ಅಂತ ವರ್ಷಗಟ್ಟಲೆ ಪತ್ರಿಕೆಯಲ್ಲಿ ಬರೆದಳು, ಅಧ್ಯಕ್ಷರುಗಳಿಗೆ ಕಾಗದ ಹಾಕಿದಳು. ಕೊನೆಗೆ 1863ರಲ್ಲಿ, ಅಂತರ್ಯುದ್ಧದ ನಡುವೆ, ಅಬ್ರಹಾಂ ಲಿಂಕನ್ ಘೋಷಣೆ ಹೊರಡಿಸಿದರು. ಆಗ ನವೆಂಬರಿನ ಕೊನೆಯ ಗುರುವಾರ ಅಂತಿತ್ತು. ನಾಲ್ಕನೆಯ ಗುರುವಾರ ಅಂತ ಕಾನೂನಾದದ್ದು 1941ರಲ್ಲಿ. ಇನ್ನೊಂದು ಮಾತೂ ತಿಳಿದಿರಲಿ. ಆ ನೆಲದ ಮೂಲನಿವಾಸಿಗಳಲ್ಲಿ ಅನೇಕರಿಗೆ ಇದು ಸಂತೋಷದ ದಿನವಲ್ಲ. 1970ರಿಂದ ಪ್ಲಿಮತ್ ಎಂಬಲ್ಲಿ ಇದೇ ದಿನ ಅವರು ಶೋಕದ ದಿನ ಆಚರಿಸುತ್ತಾರೆ.

ಇನ್ನು ಮೇಜಿನ ಮೇಲೆ ಏನೇನಿರುತ್ತೆ? ನಡುವೆ ಟರ್ಕಿ ಕೋಳಿ. ಅದನ್ನು ನೋಡಿ ಮುಖ ಸಿಂಡರಿಸಬೇಡಿ, ನಿಮ್ಮ ಕುರ್ಚಿಯನ್ನು ಆ ತುದಿಗೆ ಹಾಕು ಅಂತ ಮಗಳಿಗೆ ಮೊದಲೇ ಹೇಳಿ. 'ಸ್ಟಫಿಂಗ್' ಅಂತ ಬ್ರೆಡ್ಡಿನ ಉಪ್ಪಿಟ್ಟಿನಂಥದ್ದು ಇರುತ್ತದೆ. ನೋಡಲು ಸಾಧು, ಆದರೆ ಎಷ್ಟೋ ಮನೆಯಲ್ಲಿ ಅದನ್ನು ಹಕ್ಕಿಯ ಹೊಟ್ಟೆಯೊಳಗಿಟ್ಟೇ ಬೇಯಿಸುತ್ತಾರೆ. 'ಗ್ರೇವಿ'ಯೂ ಅದರ ರಸವೇ. ಸಿಹಿಗೆಣಸಿನ ಮೇಲೆ ಬೆಳ್ಳಗೆ ಹತ್ತಿಯಂತೆ ಉಬ್ಬಿಕೊಂಡಿರುವ ಮಾರ್ಷ್‌ಮೆಲ್ಲೋದಲ್ಲಿ ಸಾಮಾನ್ಯವಾಗಿ ಜೆಲಾಟಿನ್ ಇರುತ್ತೆ. ಅದು ಪ್ರಾಣಿಗಳ ಮೂಳೆ-ಚರ್ಮದಿಂದ ತೆಗೆದದ್ದು. ಕುಂಬಳಕಾಯಿ ಪೈಗೆ ಮೊಟ್ಟೆ ಹಾಕುತ್ತಾರೆ. ಬೆಣ್ಣೆ ಹಾಕಿ ಕಲಸಿದ ಆಲೂಗಡ್ಡೆ, ಹುರುಳಿಕಾಯಿ, ಇವು ಸಾಧಾರಣವಾಗಿ ನಮಗೆ ಆಗುತ್ತವೆ, ಆದರೂ ಒಂದು ಮಾತು ಕೇಳಿಕೊಳ್ಳಿ. ಧೈರ್ಯವಾಗಿ ತಿನ್ನಬಹುದಾದದ್ದು ಅಂದರೆ ಕೆಂಪಗೆ ಹೊಳೆಯುವ ಕ್ರ್ಯಾನ್‌ಬೆರಿ ಸಾಸ್. ಅದು ಜೆಲ್ಲಿಯಂತೆ ಗಟ್ಟಿಯಾಗುವುದು ಹಣ್ಣಿನಲ್ಲೇ ಇರುವ ಪೆಕ್ಟಿನ್‌ನಿಂದ, ಬೇರೆ ಯಾವುದರಿಂದಲೂ ಅಲ್ಲ.

ನೀವು ಮಾಡಬೇಕಾದ್ದೂ ಅದನ್ನೇ ಅಂತ ನನ್ನ ಸಲಹೆ. ಚಿತ್ರಾನ್ನ ಬೇಡ, ಹೋಳಿಗೆ ಬೇಡ. ಅದನ್ನು ಇನ್ನೊಂದು ದಿನ ಮಾಡಿ. ಅವತ್ತಿನ ಎಲೆಯಲ್ಲಿ ಆಗಲೇ ಜಾಗವಿರುವ ಪದಾರ್ಥವನ್ನೇ ನಮ್ಮ ಕೈರುಚಿಯಲ್ಲಿ ಮಾಡಿಟ್ಟರೆ ಎಲ್ಲರ ಚಮಚವೂ ಅದರ ಕಡೆ ಹೋಗುತ್ತದೆ.

ಕ್ರ್ಯಾನ್‌ಬೆರಿ ಅಂದರೆ ಹೇಗಿರುತ್ತೆ ಅಂತೀರಾ? ನಮ್ಮ ಕವಳೆಹಣ್ಣಿನ ಗಾತ್ರ, ಕಡುಗೆಂಪು, ಹಸಿಯಾಗಿ ಬಾಯಿಗಿಟ್ಟರೆ ಹುಳಿ-ಒಗರು ಕಿವಿಯವರೆಗೆ ಹತ್ತುತ್ತದೆ. ನೆಲಕ್ಕೆ ಹಬ್ಬುವ ಬಳ್ಳಿ. ಮ್ಯಾಸಚೂಸೆಟ್ಸ್, ನ್ಯೂಜೆರ್ಸಿಯ ಜೌಗು ಮರಳುಭೂಮಿಯಲ್ಲಿ ಬೆಳೆಯುತ್ತದೆ. ಈಗ ಎಲ್ಲಕ್ಕಿಂತ ಹೆಚ್ಚು ಬೆಳೆಯುವುದು ವಿಸ್ಕಾನ್ಸಿನ್ ರಾಜ್ಯದಲ್ಲಿ. ಟೀವಿಯಲ್ಲಿ ಕೆರೆಯ ತುಂಬ ಹಣ್ಣು ತೇಲುವುದನ್ನು ತೋರಿಸುತ್ತಾರಲ್ಲ, ಅದನ್ನು ನೋಡಿ ನಾನು ಇದು ತಾವರೆಯ ಹಾಗೆ ನೀರಲ್ಲೇ ಬೆಳೆಯುತ್ತೆ ಅಂದುಕೊಂಡಿದ್ದೆ. ಹಾಗಲ್ಲ. ಕೊಯ್ಲಿನ ಹೊತ್ತಿಗೆ ಹೊಲಕ್ಕೆ ನೀರು ಕಟ್ಟುತ್ತಾರೆ. ಹಣ್ಣಿನೊಳಗೆ ಗಾಳಿ ತುಂಬಿದ ನಾಲ್ಕು ಪುಟ್ಟ ಕೋಣೆಗಳಿರುತ್ತವೆ, ಅದಕ್ಕೇ ತೇಲುತ್ತದೆ. ಒಳ್ಳೆಯ ಹಣ್ಣನ್ನು ನೆಲಕ್ಕೆ ಬಿಟ್ಟರೆ ಚೆಂಡಿನಂತೆ ಪುಟಿಯುತ್ತದೆ, ಕೊಳೆತದ್ದು ಪುಟಿಯುವುದಿಲ್ಲ.

ನಾನು ಮೊದಲ ಸಲ ಮಾಡಿದ್ದು ಕೆಟ್ಟುಹೋಯಿತು, ಅದನ್ನೂ ಹೇಳಿಬಿಡುತ್ತೇನೆ. ಬ್ಯಾಡಗಿ ಮೆಣಸಿನಕಾಯಿ ಹುರಿಯಲು ಹೋದೆ. ಕಿಟಕಿ ಬಾಗಿಲು ಬಿಗಿಯಾಗಿ ಮುಚ್ಚಿದ ಮನೆ. ಘಾಟು ಏಳುತ್ತಿದ್ದ ಹಾಗೇ ಸೂರಿನಲ್ಲಿದ್ದ ಹೊಗೆಯ ಗಂಟೆ ಕಿರ್ರೋ ಅಂತ ಅರಚತೊಡಗಿತು. ಮಗಳು ಮಹಡಿಯಿಂದ ಓಡಿ ಬಂದಳು, ಅಳಿಯ ಕುರ್ಚಿ ಹತ್ತಿ ಟವೆಲ್ ಬೀಸಿದ, ಎಲ್ಲರಿಗೂ ಕೆಮ್ಮು. ಈ ಗಲಾಟೆಯಲ್ಲಿ ಒಲೆಯ ಮೇಲಿದ್ದ ಸಾಸ್ ಇನ್ನೂ ನೀರಾಗಿದೆಯಲ್ಲ ಅಂತ ಅರ್ಧ ಗಂಟೆ ಕುದಿಸಿದೆ. ಆರಿದ ಮೇಲೆ ನೋಡಿದರೆ ಚಾಕು ಹಾಕಿ ಕೊಯ್ಯಬೇಕು! ಬಿಸಿಯಲ್ಲಿ ತೆಳ್ಳಗೆ ಕಂಡರೂ ಆರಿದಾಗ ತಾನಾಗಿ ಗಟ್ಟಿಯಾಗುವ ವಸ್ತು ಅದು. ನಿಮಗೂ ಹಾಗಾದರೆ ಎಸೆಯಬೇಡಿ. ಸ್ವಲ್ಪ ಬಿಸಿನೀರು ಹಾಕಿ ಸಣ್ಣ ಉರಿಯಲ್ಲಿ ಕಲಕಿದರೆ ಸಡಿಲವಾಗುತ್ತದೆ.

ಬೇಕಾಗುವ ಸಾಮಾನು: ಅಲ್ಲಿ ಹಣ್ಣು 12 ಔನ್ಸಿನ, ಅಂದರೆ ಸುಮಾರು 340 ಗ್ರಾಂನ ಚೀಲದಲ್ಲಿ ಸಿಗುತ್ತದೆ. ಅಂಥದ್ದು ಒಂದು. ಸಕ್ಕರೆ ಮುಕ್ಕಾಲು ಕಪ್ಪು, ಪುಡಿ ಬೆಲ್ಲ ಕಾಲು ಕಪ್ಪು (ಬೆಲ್ಲವಿಲ್ಲದಿದ್ದರೆ ಒಟ್ಟು ಒಂದು ಕಪ್ಪು ಸಕ್ಕರೆ). ನೀರು ಅರ್ಧ ಕಪ್ಪು, ಕಿತ್ತಳೆ ರಸ ಅರ್ಧ ಕಪ್ಪು. ಒಂದು ಕಿತ್ತಳೆಯ ಸಿಪ್ಪೆಯ ತುರಿ, ಬಣ್ಣದ ಪದರ ಮಾತ್ರ, ಒಳಗಿನ ಬಿಳಿ ಬಂದರೆ ಕಹಿ. ಒಂದಂಗುಲ ಶುಂಠಿ, ಒಂದು ತುಂಡು ಚಕ್ಕೆ, ಎರಡು ಚಿಟಿಕೆ ಉಪ್ಪು. ಖಾರಕ್ಕೆ ಹಲಪೇನ್ಯೋ ಎಂಬ ಹಸಿರು ಮೆಣಸಿನಕಾಯಿ ಒಂದು, ಅಥವಾ ಬ್ಯಾಡಗಿ ನಾಲ್ಕು.

ಮೆಣಸಿನಕಾಯಿ ವಿಷಯದಲ್ಲಿ ಅಲ್ಲಿಯ ಅಂಗಡಿಯಲ್ಲಿ ಮೋಸಹೋಗಬೇಡಿ. ಹೆಬ್ಬೆರಳಿನಷ್ಟು ದಪ್ಪ, ಕಡುಹಸಿರು, ನುಣುಪಾಗಿರುವುದು ಹಲಪೇನ್ಯೋ. ನಮ್ಮ ನಾಲಿಗೆಗೆ ಸಾಧು, ಅವರ ನಾಲಿಗೆಗೆ ಸಾಕಷ್ಟು. ಅದಕ್ಕಿಂತ ಸಣಕಲಾದದ್ದು ಸೆರಾನೋ, ಖಾರ ಹೆಚ್ಚು. ಕಿತ್ತಳೆ ಬಣ್ಣದ ಪುಟ್ಟ ಕಂದೀಲಿನ ಹಾಗೆ ಮುದ್ದಾಗಿ ಕಾಣುವ ಹಬನೇರೋ ಇದೆಯಲ್ಲ, ಅದರ ಚೆಲುವಿಗೆ ಮರುಳಾದರೆ ಹಬ್ಬ ಮುಗಿದ ಹಾಗೆಯೇ! ಹಲಪೇನ್ಯೋದ ಹತ್ತಾರು ಪಟ್ಟು ಖಾರ ಅದು. ಖಾರವಿರುವುದು ಬೀಜದಲ್ಲಿ ಅಂತ ನಾವೆಲ್ಲ ತಿಳಿದಿದ್ದೇವೆ. ನಿಜವಾಗಿ ಇರುವುದು ಬೀಜ ಅಂಟಿಕೊಂಡಿರುವ ಬಿಳಿಯ ನಾರಿನಲ್ಲಿ. ಅದನ್ನು ಚಮಚದಿಂದ ಕೆರೆದು ತೆಗೆದರೆ ಅರ್ಧಕ್ಕರ್ಧ ಸೌಮ್ಯವಾಗುತ್ತದೆ. ಬ್ಯಾಡಗಿಯಂತೂ ಇದಕ್ಕೇ ಹುಟ್ಟಿದ ಹಾಗಿದೆ, ಬಣ್ಣ ಹೆಚ್ಚು, ಖಾರ ಕಡಿಮೆ. ಅಂದಹಾಗೆ ಮೆಣಸಿನಕಾಯಿ ಮೊದಲು ನಮ್ಮದಲ್ಲ, ಅಮೆರಿಕ ಖಂಡದ್ದೇ. ಪೋರ್ಚುಗೀಸರ ಹಡಗಿನಲ್ಲಿ ನಮ್ಮ ಕಡೆ ಬಂತು. ನಮ್ಮ ಹಾವೇರಿ ಸೀಮೆಯ ಬ್ಯಾಡಗಿ ಆ ಮೇಜಿಗೆ ಹೋದರೆ ತವರಿಗೆ ಬಂದ ಮಗಳೆಂದೇ ತಿಳಿಯಿರಿ.

ಮಾಡುವ ವಿಧಾನ: ಬ್ಯಾಡಗಿಯಾದರೆ ಹುರಿಯಬೇಡಿ, ನನ್ನ ಗತಿ ನಿಮಗೆ ಬೇಡ. ಬೀಜ ಉದುರಿಸಿ ಬಿಸಿನೀರಿನಲ್ಲಿ ಕಾಲು ಗಂಟೆ ನೆನೆಸಿ, ಶುಂಠಿಯ ಜೊತೆ ನುಣ್ಣಗೆ ರುಬ್ಬಿಕೊಳ್ಳಿ. ಹಲಪೇನ್ಯೋ ಆದರೆ ಸಣ್ಣಗೆ ಹೆಚ್ಚಿದರೆ ಸಾಕು. ಹಣ್ಣನ್ನು ತೊಳೆದು ಮೆತ್ತಗಾದದ್ದನ್ನು ಆರಿಸಿ ಹಾಕಿ. ದೊಡ್ಡ ಪಾತ್ರೆಯನ್ನೇ ಇಡಿ, ಉಕ್ಕುತ್ತದೆ, ಸಿಡಿಯುತ್ತದೆ. ನೀರು, ರಸ, ಸಕ್ಕರೆ, ಬೆಲ್ಲ, ಚಕ್ಕೆ ಹಾಕಿ ಕುದಿ ಬಂದ ಮೇಲೆ ಹಣ್ಣು, ಖಾರ, ಶುಂಠಿ, ಉಪ್ಪು ಹಾಕಿ. ಎರಡು ಮೂರು ನಿಮಿಷಕ್ಕೆ ಹಣ್ಣು ಸಾಸಿವೆಯಂತೆ ಪಟ್ ಪಟ್ ಸಿಡಿಯಲು ಶುರುವಾಗುತ್ತದೆ. ಸಣ್ಣ ಉರಿಯಲ್ಲಿ ಒಟ್ಟು ಹತ್ತು ನಿಮಿಷ ಕುದಿದರೆ ಆಯ್ತು. ಇನ್ನೂ ತೆಳ್ಳಗಿದೆಯಲ್ಲ ಅನ್ನಿಸುವಾಗಲೇ ಇಳಿಸಿಬಿಡಿ. ಚಕ್ಕೆ ತೆಗೆದು, ಸಿಪ್ಪೆಯ ತುರಿ ಬೆರೆಸಿ, ಆರಿಸಿ ಫ್ರಿಜ್ಜಿನಲ್ಲಿಡಿ. ಸುಮಾರು ಎರಡೂಕಾಲು ಕಪ್ಪು ಆಗುತ್ತದೆ, ಎಂಟು ಹತ್ತು ಜನಕ್ಕೆ ಧಾರಾಳ. ಹಿಂದಿನ ದಿನವೇ ಮಾಡಿಡಿ. ರಾತ್ರಿ ಕಳೆದರೆ ಖಾರ ಒಂದೇ ಸಮ ಹಿಡಿಯುತ್ತದೆ, ಹಬ್ಬದ ದಿನ ಒಲೆ ಖಾಲಿ ಸಿಗುವುದೂ ಇಲ್ಲ. ಫ್ರಿಜ್ಜಿನಲ್ಲಿ ಒಂದು ವಾರ ಇರುತ್ತದೆ. ನಮ್ಮ ಉಪ್ಪಿನಕಾಯಿಯಂತೆ ಹೊರಗೆ ಭರಣಿಯಲ್ಲಿಡಬೇಡಿ.

ರುಚಿ ನೋಡಿದಾಗ ನಿಮಗೇ ನಗು ಬರುತ್ತದೆ. ಹುಳಿ, ಸಿಹಿ, ಖಾರ, ತುಸು ಉಪ್ಪು. ನಮ್ಮ ಅನಾನಸ್ ಮೆಣಸ್ಕಾಯಿಯ ಅಕ್ಕನೋ ತಂಗಿಯೋ ಇರಬೇಕು. ಒಗ್ಗರಣೆ ಹಾಕುವ ಆಸೆಯಾದರೆ ಒಂದು ಪುಟ್ಟ ಬಟ್ಟಲಿಗೆ ಮಾತ್ರ ಹಾಕಿ ನಿಮ್ಮ ಎಲೆಯ ಪಕ್ಕ ಇಟ್ಟುಕೊಳ್ಳಿ.

ಬಡಿಸುವ ವಿಷಯದಲ್ಲಿ ಒಂದು ಮಾತು ಉಳಿಯಿತು. ಎರಡನೆಯ ಸಲ ಮಾಡಿದ್ದು ಚೆನ್ನಾಗಿ ಬಂದಾಗ ನನಗೆ ಸ್ವಲ್ಪ ಜಂಬ ಬಂದಿತ್ತು. ಅವತ್ತೇ ಸಂಜೆ ಬೀಗಿತಿ ಬಂದರು. ಚೀಲದಿಂದ ಒಂದು ಟಿನ್ ತೆಗೆದು ಅಡಿಗೆಕಟ್ಟೆಯ ಮೇಲಿಟ್ಟರು. ಅಂಗಡಿಯ ಕ್ರ್ಯಾನ್‌ಬೆರಿ ಜೆಲ್ಲಿ. ಅದನ್ನು ತಟ್ಟೆಗೆ ಬೋರಲು ಹಾಕಿದರೆ ಟಿನ್ನಿನ ಗೆರೆಗಳ ಸಮೇತ ಹಾಗೇ ನಿಲ್ಲುತ್ತದೆ. ನಾನು ಮಗಳಿಗೆ ಕನ್ನಡದಲ್ಲಿ, "ಒಂದು ಹಬ್ಬಕ್ಕೂ ಕೈಯಾರೆ ಮಾಡೋಕಾಗಲ್ವೇ ಇವರಿಗೆ? ಟಿನ್ ತಂದಿದಾರೆ ನೋಡು" ಅಂದೆ. ಮಗಳು ಏನೂ ಅನ್ನಲಿಲ್ಲ. ಮಾರನೆ ದಿನ, ನವೆಂಬರ್ 22, ಊಟಕ್ಕೆ ಕೂತಾಗ ಬೀಗಿತಿ ಆ ಜೆಲ್ಲಿಯನ್ನು ಗೆರೆ ಗೆರೆಗೆ ಸರಿಯಾಗಿ ಬಿಲ್ಲೆ ಕೊಯ್ದು ಒಂದೊಂದಾಗಿ ತಟ್ಟೆಯಲ್ಲಿ ಜೋಡಿಸಿದರು. ಮೊದಲ ಬಿಲ್ಲೆಯನ್ನು ಯಾರಿಗೂ ಹಾಕಲಿಲ್ಲ, ತಟ್ಟೆಯ ಅಂಚಿಗೆ ಸರಿಸಿಟ್ಟರು. ಅವರ ಯಜಮಾನರು ಆ ವರ್ಷ ಮಾರ್ಚಿಯಲ್ಲಿ ಹೋಗಿದ್ದರು. ಅವರಿಗೆ ಟಿನ್ನಿನದೇ ಬೇಕು, ಗೆರೆಯ ಗುರುತು ಕಾಣಲೇಬೇಕು ಅಂತ ಹಠವಂತೆ. ಇವರು ಮದುವೆಯಾದ ಹೊಸದರಲ್ಲಿ ಹಣ್ಣು ತಂದು ಮಾಡಿದರೆ ಅವರು ಮುಟ್ಟುತ್ತಲೇ ಇರಲಿಲ್ಲವಂತೆ. ಮಗಳು ಮೆಲ್ಲಗೆ ಇದನ್ನು ಹೇಳಿದಾಗ ನನಗೆ ತಲೆ ಎತ್ತಲಾಗಲಿಲ್ಲ. ಅವರಿಗೆ ಕನ್ನಡ ಬರದಿದ್ದದ್ದೇ ನನ್ನ ಪುಣ್ಯ ಅಂದುಕೊಂಡೆ.

ನನ್ನ ಗೊಜ್ಜಿನ ಬಟ್ಟಲನ್ನು ಎತ್ತಿ ಆ ತಟ್ಟೆಯ ಪಕ್ಕಕ್ಕಿಟ್ಟೆ. ಬೀಗಿತಿ ಒಂದು ಚಮಚ ಹಾಕಿಕೊಂಡರು, ಕಣ್ಣಲ್ಲಿ ನೀರು ಬಂತು, ನಗುತ್ತಾ ಬೆರಳಿನಿಂದ ಮೆಣಸಿನಕಾಯಿ ಅಂತ ತೋರಿಸಿದರು, ಇನ್ನೊಂದು ಚಮಚ ಹಾಕಿಕೊಂಡರು. ನೀರು ಖಾರದ್ದೋ ಬೇರೆಯದ್ದೋ ನಾನು ಕೇಳಲಿಲ್ಲ. ಹೊರಡುವಾಗ ಒಂದು ಪುಟ್ಟ ಶೀಶೆಗೆ ತುಂಬಿಸಿಕೊಂಡು ಹೋದರು.

ಆದ್ದರಿಂದ ತಿಪಟೂರಿನ ಸೋದರಿ, ಬೀಗರ ಮನೆಯಿಂದ ಅವತ್ತಿಗೆ ಏನು ಬರುತ್ತದೆ, ಯಾರು ತರುತ್ತಾರೆ ಅಂತ ಮಗಳನ್ನು ಈಗಲೇ ಫೋನಿನಲ್ಲಿ ಕೇಳಿಡಿ. ನಿಮ್ಮದು ಚಿಕ್ಕ ಬಟ್ಟಲಿರಲಿ. ಮಗಳು 'ಕೂತಿರಮ್ಮ' ಅಂದರೆ, ಒಲೆ ಇಪ್ಪತ್ತೇ ನಿಮಿಷ ಕೊಡು, ಬುಧವಾರ ಮಧ್ಯಾಹ್ನ ಸಾಕು ಅನ್ನಿ. ಅಷ್ಟಕ್ಕೆ ಇಲ್ಲ ಅನ್ನಲಾರಳು.

ಬ್ಯಾಡಗಿಯನ್ನು ಇಲ್ಲಿಂದ ಒಯ್ಯುವುದಾದರೆ ಕಂಪನಿಯವರು ಪ್ಯಾಕ್ ಮಾಡಿದ ಒಣಮೆಣಸಿನಕಾಯಿ ತಗೊಳ್ಳಿ. ವಿಮಾನ ನಿಲ್ದಾಣದಲ್ಲಿ ತಿನ್ನುವ ಸಾಮಾನಿದೆ ಅಂತ ಮುಚ್ಚುಮರೆಯಿಲ್ಲದೆ ತಿಳಿಸಿ. ಹಸಿ ಕರಿಬೇವು ಮಾತ್ರ ಬೇಡವೇ ಬೇಡ. ಅಲ್ಲಿಯ ಕಿತ್ತಳೆ ತೋಟಗಳಿಗೆ ರೋಗ ತಗಲುತ್ತದೆಂದು ಅದನ್ನು ಒಳಗೆ ಬಿಡುವುದಿಲ್ಲ.

ಅಮೆರಿಕಕ್ಕೆ ಹೋಗದ ನಮ್ಮ ಉಳಿದ ಓದುಗರು ಕವಳೆಹಣ್ಣು ಬರುವ ಕಾಲದಲ್ಲಿ ಇದೇ ಅಳತೆಯಲ್ಲಿ ಮಾಡಿ ನೋಡಬಹುದು. ಕೈಗೆ ಎಣ್ಣೆ ಸವರಿಕೊಂಡು ಹಣ್ಣನ್ನು ಸೀಳಿ ಬೀಜ ತೆಗೆದು, ಹಾಲು ಹೋಗುವವರೆಗೆ ಎರಡು ಮೂರು ಸಲ ತೊಳೆಯಿರಿ. ಹಣ್ಣು ಎಷ್ಟು ಮಾಗಿದೆ ನೋಡಿಕೊಂಡು ಸಕ್ಕರೆ ಹೆಚ್ಚು ಕಡಿಮೆ ಮಾಡಿ. ಅಕ್ಕಿರೊಟ್ಟಿಗೆ ಬಹಳ ಚೆನ್ನ.