ಹಳೆಯ ಪೇಟೆಯ ಮಳಿಗೆಗಳೂ ಅಲ್ಲಿಯ ನೌಕರರೂ



ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗವು 2012ರಲ್ಲಿಯೂ ದೇವರಾಜ ಮಾರುಕಟ್ಟೆಯ ಒಂದು ಭಾಗವು 2016ರಲ್ಲಿಯೂ ಕುಸಿದು ಬಿದ್ದಂದಿನಿಂದ ಪುರಾತನ ವಾಣಿಜ್ಯ ಕಟ್ಟಡಗಳ ಸಂರಕ್ಷಣೆಯ ಚರ್ಚೆ ನಡೆದೇ ಇದೆಯಾದರೂ, ಸಣ್ಣ ಊರುಗಳ ಪೇಟೆಬೀದಿಗಳಲ್ಲಿ, ಮರದ ಕಂಬ, ನಾಡಹೆಂಚುಗಳ ಮಳಿಗೆಗಳೊಳಗೆ ಜವಳಿ ಅಳೆಯುತ್ತ, ದಿನಸಿ ತೂಗುತ್ತ ಮುಪ್ಪಡರಿದವರ ಮಾತನ್ನು ಎತ್ತುವವರೇ ಇಲ್ಲವೆಂಬುದು ನನ್ನನ್ನು ಬಹಳವಾಗಿ ನೋಯಿಸಿದೆ.

1952ರ ಭವಿಷ್ಯನಿಧಿ ಶಾಸನವು ಸಾಮಾನ್ಯವಾಗಿ 20 ಅಥವಾ ಅದಕ್ಕೂ ಹೆಚ್ಚು ಮಂದಿ ನೌಕರರಿರುವ ಸಂಸ್ಥೆಗಳಿಗೇ ಅನ್ವಯಿಸುತ್ತ ಬಂದುದರಿಂದ, ನಾಲ್ಕೈದು ಜನರ ಅಂಗಡಿಯ ಗುಮಾಸ್ತನು ಜೀವಮಾನವೆಲ್ಲ ದುಡಿದೂ ಅದರ ಹೊರಗೇ ಉಳಿಯುತ್ತಾನೆ. 2015ರಲ್ಲಿ ಆರಂಭವಾದ ಅಟಲ್ ಪಿಂಚಣಿ ಯೋಜನೆಯು 60 ವರ್ಷ ವಯಸ್ಸಾದ ತರುವಾಯ ಕೊಡುವ 1,000ದಿಂದ 5,000 ರೂಪಾಯಿಗಳ ಮಾಸಾಶನವು ಅಲ್ಪವೇ ಸರಿ. ಆದರೂ 18ರಿಂದ 40 ವರ್ಷ ವಯಸ್ಸಿನೊಳಗೆ ಅದಕ್ಕೆ ಸೇರದವನಿಗೆ ಆ ಅಲ್ಪವೂ ದುರ್ಲಭ.

ಆದುದರಿಂದ ಪುರಸಭೆಗಳು ವ್ಯಾಪಾರ ಪರವಾನಗಿಯನ್ನು ನವೀಕರಿಸುವ ಸಮಯದಲ್ಲಿ ತೊಲೆ, ಗೋಡೆಗಳ ಸ್ಥಿತಿಯನ್ನು ಪರೀಕ್ಷಿಸುವುದರೊಡನೆ, ಅಲ್ಲಿಯ ನೌಕರರು ಪಿಂಚಣಿ ಯೋಜನೆಯೊಂದಕ್ಕೆ ಸೇರಿರುವರೇ ಎಂಬುದನ್ನೂ ವಿಚಾರಿಸಬೇಕೆಂದೂ, ಅವರ ವಂತಿಗೆಯಲ್ಲಿ ಪಾಲು ವಹಿಸುವ ಮಾಲೀಕರಿಗೆ ಹಳೆಯ ಕಟ್ಟಡದ ಜೀರ್ಣೋದ್ಧಾರಕ್ಕಾಗಿ ಆಸ್ತಿ ತೆರಿಗೆಯಲ್ಲಿ ರಿಯಾಯಿತಿ ನೀಡಬೇಕೆಂದೂ ಪ್ರಾರ್ಥಿಸುತ್ತೇನೆ.


ಓರ್ವ ಓದುಗ