ಎರಡು ಗಂಟೆಯ ಹಾದಿ, ಏಳು ದಿನಗಳ ಪ್ರಯಾಣ

ಕೆನಡಾದ ನೂನವುಟ್ ಪ್ರದೇಶದ ರಾಜಧಾನಿ ಇಕಾಲುಯಿಟ್‌ನಿಂದ ಗ್ರೀನ್‌ಲ್ಯಾಂಡಿನ ರಾಜಧಾನಿ ನೂಕ್‌ಗೆ ವಾಯುಮಾರ್ಗದ ಅಂತರ ಸುಮಾರು 820 ಕಿ.ಮೀ. ಸಣ್ಣ ಟರ್ಬೊಪ್ರಾಪ್ ವಿಮಾನಕ್ಕೆ ಇದು ಎರಡು ಗಂಟೆಗಿಂತ ತುಸು ಹೆಚ್ಚಿನ ಹಾದಿ. ಉಭಯ ನಗರಗಳ ಗಡಿಯಾರಗಳಿಗೆ 3 ಗಂಟೆಗಳ ವ್ಯತ್ಯಾಸವಿರುವುದರಿಂದ ಪೂರ್ವಕ್ಕೆ ಹೊರಟವನಿಗೆ ಟಿಕೆಟ್ಟಿನಲ್ಲಿ ಐದು ಗಂಟೆ ಕಾಣುತ್ತದೆ; ಹಿಂದಿರುಗುವಾಗ ಹೊರಟ ವೇಳೆಗಿಂತ ಮೊದಲೇ ತಲುಪಿದಂತಿರುತ್ತದೆ! ಇಂತಹ ನಮೂದು ಲೆಕ್ಕಪತ್ರದಲ್ಲಿ ಕಂಡರೆ ಯಾವ ಪರಿಶೋಧಕನೂ ಸಹಿ ಹಾಕಲಾರ.

ಆದರೆ ನಿಜವಾದ ವೆಚ್ಚ ಅಡಗಿರುವುದು ಬೇರೆಡೆ. 2024ರ ಜೂನ್‌ನಲ್ಲಿ ನೇರ ವಿಮಾನ ಮತ್ತೆ ಆರಂಭವಾಗುವ ಮುನ್ನ, ಸುಮಾರು ಒಂದು ದಶಕ ಕಾಲ, ಪ್ರಯಾಣಿಕರು ದಕ್ಷಿಣಕ್ಕೆ 2,000 ಕಿ.ಮೀ. ದೂರದ ಒಟ್ಟಾವಾಕ್ಕೆ ಬಂದು, ಅಟ್ಲಾಂಟಿಕ್ ದಾಟಿ, ಐಸ್‌ಲ್ಯಾಂಡ್ ಇಲ್ಲವೆ ಡೆನ್ಮಾರ್ಕ್ ಮೂಲಕ ನೂಕ್ ಸೇರಬೇಕಿತ್ತು. ಪುನರಾರಂಭವಾದ ಸೇವೆಯಾದರೂ ಆ ಬೇಸಿಗೆಯಲ್ಲಿ ವಾರಕ್ಕೆ ಒಂದೇ ಸಲ. ಒಂದು ದಿನದ ವ್ಯವಹಾರಕ್ಕೆ ಹೋದ ಮೀನಿನ ವ್ಯಾಪಾರಿ ಉಳಿದ ದಿನಗಳನ್ನು ವಸತಿಗೃಹದಲ್ಲಿ ಕಳೆಯಬೇಕು. ಅವನ ಖಾತೆಗೆ ಖರ್ಚು ಬೀಳುವುದು ಏಳು ದಿನಗಳದ್ದು.

2024ರ ನವೆಂಬರ್‌ನಲ್ಲಿ ನೂಕ್‌ನಲ್ಲಿ 2,200 ಮೀಟರ್ ಉದ್ದದ ಓಡುದಾರಿ ತೆರೆಯಿತು. ಕೋಪನ್‌ಹೇಗನ್‌ನ ದೊಡ್ಡ ಜೆಟ್‌ಗಳು ನೇರವಾಗಿ ಬಂದಿಳಿಯತೊಡಗಿದವು. ಸ್ವಾಗತಾರ್ಹವೇ. ಆದರೆ ನೆರೆಯ ಇಕಾಲುಯಿಟ್ ಇದರಿಂದ ಹತ್ತಿರವಾಗಲಿಲ್ಲ. ಹಳೆಯ ಗಿಡ್ಡ ಓಡುದಾರಿಯಲ್ಲೂ ಇಳಿಯಬಲ್ಲ ಸಣ್ಣ ವಿಮಾನವೊಂದು ವಾರಕ್ಕೆ ಇನ್ನೊಮ್ಮೆ ಹಾರಿದ್ದರೆ ಸಾಕಿತ್ತು. ಒಂದು ಕಡೆ ಸುಮಾರು 20,000, ಮತ್ತೊಂದು ಕಡೆ 7,500 ಜನಸಂಖ್ಯೆ. ಆಸನಗಳು ತಾವಾಗಿ ತುಂಬುವುದಿಲ್ಲ. ಆದುದರಿಂದ ಮೊದಲ ಕೆಲವು ವರ್ಷ ಖಾಲಿ ಆಸನಗಳ ನಷ್ಟವನ್ನು ಸರ್ಕಾರಗಳೇ ಭರಿಸುವುದು ಲೇಸೆಂದು ನನ್ನ ಅಭಿಪ್ರಾಯ. ನಮ್ಮ ಉಡಾನ್ ಯೋಜನೆ 3 ವರ್ಷಗಳ ಮಟ್ಟಿಗೆ ವಿಮಾನ ಸಂಸ್ಥೆಗಳಿಗೆ ಕೊಡುವ ನೆರವೂ ಇಂತಹುದೇ.