ಒಮ್ಮೊಮ್ಮೆ ಕೆಡುವ ಯಂತ್ರ, ಯಾವಾಗಲೂ ಸಿಗುವ ಆರೋಪಿ

ಕಳೆದ ದೀಪಾವಳಿ ರಜೆಯಲ್ಲಿ ಚಿಂಚವಡದ ನಮ್ಮ ಮನೆಯಲ್ಲಿ ಒಂದು ಸಣ್ಣ ಜಗಳವಾಯಿತು. ಒಂಬತ್ತನೇ ತರಗತಿಯ ಮಗ ಲ್ಯಾಪ್‌ಟಾಪಿನಲ್ಲಿ ನನ್ನ ಹಳೆಯ ಕಾರ್ ರೇಸಿನ ಗೇಮ್ ಗ್ರ್ಯಾನ್ ಟುರಿಸ್ಮೊ 4 ಆಡುತ್ತಿದ್ದ. ಚೆನ್ನಾಗಿ ಓಡುತ್ತಿದ್ದ ಕಾರು ಇದ್ದಕ್ಕಿದ್ದಂತೆ ನೀರಿಗೆ ಇಳಿದ ಎಮ್ಮೆಯಂತೆ ನಿಧಾನವಾಗುತ್ತಿತ್ತು. ಎಂಜಿನ್ನಿನ ಸದ್ದು ರಬ್ಬರಿನಂತೆ ಎಳೆಯುತ್ತಿತ್ತು. ಎರಡು ಮೂರು ನಿಮಿಷಗಳ ನಂತರ ಎಲ್ಲ ತಾನಾಗಿಯೇ ಸರಿ. “ಅಪ್ಪಾ, ಮತ್ತ ಸ್ಲೋ ಆತು, ಬಂದು ನೋಡ್ರಿ” ಎಂದು ಕರೆದಾಗ ಹೋಗಿ ನೋಡಿದರೆ ಕಾರು ಭರ್ರೆಂದು ಓಡುತ್ತಿರುತ್ತಿತ್ತು. ಮೂರನೇ ಸಲ ನನಗೆ ಸಿಟ್ಟು ಬಂತು. “ಏನೇನರ ಕಸಾ ಡೌನ್‌ಲೋಡ್ ಮಾಡಿರ್ತಿ, ಅದಕ್ಕ ಹಿಂಗಾಗ್ತೈತಿ” ಎಂದೆ. ಅವನು ಮುಖ ಊದಿಸಿಕೊಂಡು ಲ್ಯಾಪ್‌ಟಾಪ್ ಮುಚ್ಚಿದ. “ಹಳೇದಾತು, ಹೊಸಾದು ತಗೋರಿ ಅಂತ ಯಾವಾಗಿಂದ ಹೇಳಾಕತ್ತೀನಿ” ಎಂದು ಹೆಂಡತಿ ಅಡುಗೆಮನೆಯಿಂದಲೇ ತೀರ್ಪು ಕೊಟ್ಟಳು.

ನನ್ನ ಪ್ರಕಾರ ಮಗ ತಪ್ಪಿತಸ್ಥ. ಅವಳ ಪ್ರಕಾರ ಲ್ಯಾಪ್‌ಟಾಪ್ ತಪ್ಪಿತಸ್ಥ. ಇಬ್ಬರೂ ಏನನ್ನೂ ಪರೀಕ್ಷಿಸಿರಲಿಲ್ಲ. ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಯಂತ್ರಗಳ ನಿರ್ವಹಣೆ ಮಾಡಿಕೊಂಡು ಬಂದಿರುವ ನಾನು, ಮನೆಯ ಯಂತ್ರದ ವಿಷಯದಲ್ಲಿ ಮೊದಲ ದಿನವೇ ಊಹೆಗೆ ಜಿಗಿದಿದ್ದೆ.

ಮೊದಲು ಹಿನ್ನೆಲೆ ಹೇಳುತ್ತೇನೆ. ಪ್ಲೇಸ್ಟೇಷನ್ 2 ಮಾರುಕಟ್ಟೆಗೆ ಬಂದದ್ದು 2000ರಲ್ಲಿ. ಅದರ ತಯಾರಿಕೆ 2013ರ ಹೊತ್ತಿಗೆ ನಿಂತಿತು. ಮದುವೆಗೆ ಮುಂಚೆ ನಾನು ಕೊಂಡ ಕನ್ಸೋಲ್ ಈಗಲೂ ಚಾಲೂ ಆಗುತ್ತದೆ, ಡಿಸ್ಕ್ ಮಾತ್ರ ಓದುವುದಿಲ್ಲ. ಹಾಗಾಗಿ ನನ್ನದೇ ಡಿಸ್ಕನ್ನೂ ನನ್ನದೇ ಕನ್ಸೋಲಿನ ಬಯೋಸನ್ನೂ ಲ್ಯಾಪ್‌ಟಾಪಿಗೆ ಇಳಿಸಿಕೊಂಡು ಪಿಸಿಎಸ್ಎಕ್ಸ್2 ಎಂಬ ಎಮ್ಯುಲೇಟರಿನಲ್ಲಿ ಆಡಿಸುತ್ತೇವೆ. ಎಮ್ಯುಲೇಟರ್ ಎಂದರೆ ಒಂದು ಯಂತ್ರದಂತೆ ನಟಿಸುವ ತಂತ್ರಾಂಶ. ಹಳೆಯ ಕನ್ಸೋಲಿನ ಮುಖ್ಯ ಪ್ರೊಸೆಸರಿನ ವೇಗ 300 ಮೆಗಾಹರ್ಟ್ಸ್ ಕೂಡ ಇರಲಿಲ್ಲ. ಹತ್ತು ಪಟ್ಟು ವೇಗದ ಲ್ಯಾಪ್‌ಟಾಪಿಗೆ ಇದೇನು ಮಹಾ ಎನಿಸಬಹುದು. ಆದರೆ ಆ ಪ್ರೊಸೆಸರ್, ಅದರ ಜೊತೆಗಿನ ಎರಡು ವೆಕ್ಟರ್ ಘಟಕಗಳು, ಚಿತ್ರ ಬಿಡಿಸುವ ಚಿಪ್, ಸದ್ದಿನ ಚಿಪ್ ಇವೆಲ್ಲ ಹೆಜ್ಜೆಗೆ ಹೆಜ್ಜೆ ಹಾಕುತ್ತ ಕೆಲಸ ಮಾಡುತ್ತಿದ್ದವು. ಅವುಗಳ ಭಾಷೆಯನ್ನು ಲ್ಯಾಪ್‌ಟಾಪ್ ತನ್ನ ಭಾಷೆಗೆ ಅನುವಾದಿಸುತ್ತ, ಅದೇ ಹೆಜ್ಜೆ ಕಾಯ್ದುಕೊಳ್ಳಬೇಕು.

ನನ್ನ ಡಿಸ್ಕ್ ಪಾಲ್ ಮಾದರಿಯದು. ಸೆಕೆಂಡಿಗೆ 50 ಚಿತ್ರ, ಅಂದರೆ ಒಂದು ಚಿತ್ರಕ್ಕೆ 20 ಮಿಲಿಸೆಕೆಂಡ್. ಅಷ್ಟರೊಳಗೆ ಕೆಲಸ ಮುಗಿಯದಿದ್ದರೆ ಆಟದ ಗಡಿಯಾರವೇ ನಿಧಾನವಾಗುತ್ತದೆ, ಕಾರು, ರಸ್ತೆ, ಸದ್ದು ಎಲ್ಲವೂ ಒಟ್ಟಿಗೆ ಎಳೆಯುತ್ತವೆ. ಈ ಕೆಲಸದ ಬಹುಪಾಲು ಒಂದೆರಡು ಕೋರ್‌ಗಳ ಮೇಲೇ ಬೀಳುವುದರಿಂದ ಎಂಟು ಕೋರ್ ಇದ್ದರೂ ಹೆಚ್ಚು ಉಪಯೋಗವಿಲ್ಲ. ಅದೇ ಲ್ಯಾಪ್‌ಟಾಪಿನಲ್ಲಿ ನನ್ನ ಎಕ್ಸೆಲ್ ಶೀಟು, ಹೆಂಡತಿಯ ಯೂಟ್ಯೂಬು ಯಾವ ತಕರಾರೂ ಇಲ್ಲದೆ ನಡೆಯುತ್ತಿದ್ದವು. ಅವು 20 ಮಿಲಿಸೆಕೆಂಡಿಗೊಮ್ಮೆ ಹಾಜರಿ ಕೇಳುವುದಿಲ್ಲವಲ್ಲ.

ಮರುದಿನ ಮಗನಿಗೆ ಒಂದು ನೂರು ಪುಟದ ನೋಟ್‌ಬುಕ್ ಕೊಟ್ಟೆ. ಎಷ್ಟು ಗಂಟೆಗೆ ನಿಧಾನವಾಯಿತು, ಆಟ ಶುರುವಾಗಿ ಎಷ್ಟು ನಿಮಿಷವಾಗಿತ್ತು, ಎಷ್ಟು ಹೊತ್ತು ಹಾಗೇ ಇತ್ತು, ಚಾರ್ಜರ್ ಹಾಕಿತ್ತೇ, ಲ್ಯಾಪ್‌ಟಾಪ್ ಎಲ್ಲಿತ್ತು, ಪರದೆಯ ಮೂಲೆಯ ಅಂಕಿಗಳು ಏನು ಹೇಳುತ್ತಿದ್ದವು ಎಂದು ಕಾಲಂ ಎಳೆದೆವು. ಅಷ್ಟರಲ್ಲಿ ಅವನು ಗೆಳೆಯರ ಮಾತು ಕೇಳಿ ಐದಾರು ಸೆಟ್ಟಿಂಗ್ ಬದಲಿಸಿದ್ದ. ಅಂದು ಬೆಳಿಗ್ಗೆ ಚೆನ್ನಾಗಿ ಓಡಿತ್ತು, ರಿಪೇರಿ ಆಯಿತೆಂದು ಬೀಗಿದ್ದ. ಸಂಜೆ ಮತ್ತೆ ಅದೇ ಕಥೆ. ಎಲ್ಲವನ್ನೂ ಮೊದಲಿನ ಸ್ಥಿತಿಗೆ ತಂದು, ಒಂದು ಸಲಕ್ಕೆ ಒಂದೇ ಬದಲಾವಣೆ ಎಂದು ಒಪ್ಪಂದ ಮಾಡಿಕೊಂಡೆವು. ಇನ್ನೊಂದು ನಿಯಮವೂ ಇತ್ತು. ಅರ್ಧ ಗಂಟೆಗೊಮ್ಮೆ ಬರುವ ದೋಷ ಹತ್ತು ನಿಮಿಷ ಕಾಣಿಸಲಿಲ್ಲ ಎಂದರೆ ಅದು ಹೋಯಿತೆಂದು ಅರ್ಥವಲ್ಲ. ಪ್ರತಿ ಪರೀಕ್ಷೆಯೂ ಕನಿಷ್ಠ ಒಂದು ಗಂಟೆ ನಡೆಯಬೇಕು. ಪರೀಕ್ಷೆ ಎಂದರೆ ಆಟವೇ ಆದ್ದರಿಂದ ಮಗನ ತಕರಾರೇನೂ ಇರಲಿಲ್ಲ.

ಎಂಟು ದಿನಕ್ಕೆ ಪುಸ್ತಕ ಮಾತಾಡತೊಡಗಿತು. ನಿಧಾನವಾದಾಗಲೆಲ್ಲ ಗ್ರಾಫಿಕ್ಸ್ ಚಿಪ್ ಆರಾಮವಾಗಿತ್ತು, ಪ್ರೊಸೆಸರಿನ ಅಂಕಿ ನೂರಕ್ಕೆ ತಾಗಿತ್ತು. ಹಾಗಾಗಿ ಚಿತ್ರದ ಗುಣಮಟ್ಟ ಇಳಿಸಿದರೂ ವ್ಯತ್ಯಾಸವಾಗಲಿಲ್ಲ. ಬೆಳಿಗ್ಗೆ ಒಮ್ಮೆಯೂ ದೋಷ ಬಂದಿರಲಿಲ್ಲ. ಬೆಳಿಗ್ಗೆ ಲ್ಯಾಪ್‌ಟಾಪ್ ಮೇಜಿನ ಮೇಲೆ, ರಾತ್ರಿ ಹಾಸಿಗೆಯಲ್ಲಿ, ಕೌದಿಯ ಮೇಲೆ. ಅಡಿಯ ಗಾಳಿಕಿಂಡಿ ಮುಚ್ಚಿ ಪ್ರೊಸೆಸರ್ ನೂರು ಡಿಗ್ರಿಯ ಹತ್ತಿರ ಹೋಗುತ್ತಿತ್ತು. ತಾನು ಸುಟ್ಟುಹೋಗದಿರಲು ಅದು ತನ್ನ ವೇಗವನ್ನೇ ಇಳಿಸಿಕೊಳ್ಳುತ್ತಿತ್ತು, ತಣಿದ ಮೇಲೆ ಮತ್ತೆ ಏರಿಸುತ್ತಿತ್ತು. “ತಾನಾಗಿಯೇ ಸರಿಹೋಗುವುದು” ಎಂದರೆ ಇಷ್ಟೇ. ನಾವು ಬೇಕೆಂದೇ ಕೌದಿಯ ಮೇಲಿಟ್ಟು ನೋಡಿದೆವು, ಎಳೆಯಿತು. ಮೇಜಿಗೆ ತಂದೆವು, ನಿಂತಿತು. ಮತ್ತೆ ಕೌದಿ, ಮತ್ತೆ ಎಳೆತ. ದೋಷವನ್ನು ನಾವೇ ಬರಿಸಿ ನಾವೇ ಕಳಿಸಲು ಬಂದಾಗ ಮಾತ್ರ ಕಾರಣ ಸಿಕ್ಕಿತೆನ್ನಬಹುದು. ರಿಪೇರಿ ಅಂಗಡಿಯಲ್ಲಿ ಬಿಚ್ಚಿಸಿದರೆ ಫ್ಯಾನಿನ ಮುಂದೆ ಕಂಬಳಿಯಂತೆ ಧೂಳು ಕೂತಿತ್ತು. ಧೂಳು ತೆಗೆದು, ಥರ್ಮಲ್ ಪೇಸ್ಟ್ ಹೊಸದಾಗಿ ಹಚ್ಚಿದ್ದಕ್ಕೆ ಏಳುನೂರು ರೂಪಾಯಿ.

ಆದರೂ ಪುಸ್ತಕದಲ್ಲಿ ಇನ್ನೊಂದು ಸಾಲು ಉಳಿದಿತ್ತು. ಸಂಜೆ ಏಳೂವರೆಯ ಸುಮಾರಿಗೆ ಆಟ ಎಳೆಯುವುದಲ್ಲ, ಮುಗ್ಗರಿಸುವುದು. ಅರ್ಧ ಸೆಕೆಂಡ್ ನಿಂತು ಮತ್ತೆ ಓಡುವುದು. ಅದು ಫೋಟೊಗಳ ಬ್ಯಾಕಪ್ ಶುರುವಾಗುವ ಸಮಯ. ಆ ವೇಳೆಯನ್ನು ನಿಗದಿ ಮಾಡಿಟ್ಟವನು ನಾನೇ. ನಾವು ಒಂದೇ ಹೆಸರಿನಿಂದ ಕರೆಯುತ್ತಿದ್ದ “ಸ್ಲೋ” ಎರಡು ಬೇರೆ ರೋಗಗಳಾಗಿದ್ದವು. ಮೂರನೆಯದೂ ಒಂದಿದೆ. ಹೊಸ ದೃಶ್ಯವೊಂದು ಮೊದಲ ಸಲ ಬಂದಾಗ ಗ್ರಾಫಿಕ್ಸ್ ಚಿಪ್‌ಗೆ ಬೇಕಾದ ಶೇಡರ್ ಎಂಬ ಸಣ್ಣ ಪ್ರೋಗ್ರಾಮನ್ನು ಅಲ್ಲೇ ತಯಾರಿಸಬೇಕಾಗಿ ಆಟ ತಡವರಿಸುತ್ತದೆ. ಎರಡನೇ ಸಲ ತಡವರಿಸುವುದಿಲ್ಲ. ಗೇಮ್‌ಕ್ಯೂಬ್ ಮತ್ತು ವೀ ಕನ್ಸೋಲ್‌ಗಳ ಎಮ್ಯುಲೇಟರ್ ಡಾಲ್ಫಿನ್‌ನ ಬಳಕೆದಾರರು ವರ್ಷಗಟ್ಟಲೆ ಈ ಕಾಟ ಅನುಭವಿಸಿದರು. ಅದಕ್ಕೆ 2017ರಲ್ಲಿ ಉಬರ್‌ಶೇಡರ್ ಎಂಬ ಪರಿಹಾರ ಬಂತು. ಎಲ್ಲ ದೃಶ್ಯಕ್ಕೂ ಹೊಂದುವ ಒಂದು ದೊಡ್ಡ ಶೇಡರ್ ಮೊದಲಿಗೆ ಕೆಲಸ ನಡೆಸುತ್ತದೆ, ನಿರ್ದಿಷ್ಟವಾದದ್ದು ಹಿಂದೆ ತಯಾರಾದ ಮೇಲೆ ಅದಕ್ಕೆ ಜಾಗ ಬಿಡುತ್ತದೆ.

ಇಷ್ಟೆಲ್ಲ ಒಂದು ಗೇಮಿಗಾಗಿಯೇ ಎಂದು ನೀವು ಕೇಳಬಹುದು. ನನ್ನನ್ನು ಕಾಡಿದ್ದು ಗೇಮ್ ಅಲ್ಲ.

ಹಲವು ವರ್ಷಗಳ ಹಿಂದೆ, ಆಗ ನಾನಿದ್ದ ಕಾರ್ಖಾನೆಯಲ್ಲಿ ಒಂದು ಯಂತ್ರ ವಾರದಲ್ಲಿ ಎರಡು ಮೂರು ಸಲ ರಾತ್ರಿ ಪಾಳಿಯಲ್ಲಿ ನಿಂತುಬಿಡುತ್ತಿತ್ತು. ರೀಸೆಟ್ ಒತ್ತಿದರೆ ಓಡುತ್ತಿತ್ತು. ಬೆಳಿಗ್ಗೆ ನಾವು ಹೋಗಿ ನೋಡಿದರೆ ಏನೂ ಇಲ್ಲ. ರಾತ್ರಿ ಆ ಯಂತ್ರದ ಮೇಲಿದ್ದವನು ವಿಜಯಪುರದ ಕಡೆಯ ಗುತ್ತಿಗೆ ಕಾರ್ಮಿಕ. ನಿದ್ದೆ ಮಾಡಲು ಅವನೇ ನಿಲ್ಲಿಸುತ್ತಾನೆ ಎಂದು ಮೇಲ್ವಿಚಾರಕ ಹೇಳಿದ. “ಇಲ್ರೀ ಸಾಹೇಬ್ರ, ತಾನಾ ನಿಂದರತೈತಿ” ಎಂದು ಅವನು ನನಗೆ ಕನ್ನಡದಲ್ಲೇ ಹೇಳಿದ್ದ. ವರದಿಯಲ್ಲಿ “ಆಪರೇಟರ್ ನಿರ್ಲಕ್ಷ್ಯದ ಶಂಕೆ” ಎಂದು ಬರೆದು ಸಹಿ ಹಾಕಿದವನು ನಾನು. ಮುಂದಿನ ತಿಂಗಳು ಅವನ ಗುತ್ತಿಗೆ ಮುಂದುವರಿಯಲಿಲ್ಲ. ಯಂತ್ರ ಮಾತ್ರ ನಿಲ್ಲುತ್ತಲೇ ಇತ್ತು.

ಎರಡು ತಿಂಗಳ ನಂತರ ಕಾರಣ ಸಿಕ್ಕಿತು. ಸೆನ್ಸರಿನ ಕೇಬಲ್‌ನೊಳಗೆ ಒಂದು ತಂತಿ ತುಂಡಾಗಿತ್ತು, ಮೇಲಿನ ಪ್ಲಾಸ್ಟಿಕ್ ಹೊದಿಕೆ ಸರಿಯಾಗೇ ಇತ್ತು. ಉದ್ದದ ಬಿಡಿಭಾಗ ಬಂದು ಯಂತ್ರದ ಮೇಜು ಪೂರ್ತಿ ಸರಿದಾಗ ಮಾತ್ರ ತುದಿಗಳು ದೂರವಾಗಿ ಸಂಪರ್ಕ ಕಡಿಯುತ್ತಿತ್ತು. ಉದ್ದದ ಬಿಡಿಭಾಗದ ಕೆಲಸ ನಡೆಯುತ್ತಿದ್ದುದು ರಾತ್ರಿ ಮಾತ್ರ. ಯಾವ ಭಾಗ ಹಾಕಿದಾಗ ನಿಂತಿತು ಎಂಬ ಒಂದು ಕಾಲಂ ಬರೆಸಿದ್ದರೆ ಮೊದಲ ವಾರವೇ ತಿಳಿಯುತ್ತಿತ್ತು.

ಪೂರ್ತಿ ಕೆಟ್ಟ ಯಂತ್ರದಿಂದ ಯಾರಿಗೂ ಅನ್ಯಾಯವಾಗುವುದಿಲ್ಲ, ಅದು ಕಣ್ಣೆದುರೇ ಇರುತ್ತದೆ. ಒಮ್ಮೊಮ್ಮೆ ಕೆಡುವುದೇ ಅಪಾಯ. ದೋಷ ಅಡಗಿರುತ್ತದೆ, ಪಕ್ಕದಲ್ಲಿರುವ ಮನುಷ್ಯ ಮಾತ್ರ ಕಾಣುತ್ತಾನೆ. ಅವನು ಗುತ್ತಿಗೆಯವನಾದರೆ, ಪರಊರಿನವನಾದರೆ, ಅಲ್ಲಿಯ ಭಾಷೆಯಲ್ಲಿ ವಾದಿಸಲು ಬಾರದವನಾದರೆ ಬೆರಳು ಇನ್ನೂ ಬೇಗ ಅವನತ್ತ ತಿರುಗುತ್ತದೆ. ಹೊಟ್ಟೆಪಾಡಿಗೆ ಊರು ಬಿಟ್ಟು ಬಂದ ನಮಗೆ ಇದು ಗೊತ್ತಿರಬೇಕಿತ್ತು. ಈಗಿನ ಕಾರ್ಖಾನೆಯಲ್ಲಿ ನನ್ನ ವಿಭಾಗಕ್ಕೆ ಒಂದು ನಿಯಮವಿದೆ. ದೋಷವನ್ನು ನಾವಾಗಿ ಬರಿಸಿ ತೋರಿಸುವವರೆಗೆ ವರದಿಯ ಕಾರಣದ ಕಾಲಂನಲ್ಲಿ ಯಾವ ಮನುಷ್ಯನನ್ನೂ ಬರೆಯುವಂತಿಲ್ಲ. ತಡವಾಗುತ್ತದೆ ಎಂದು ಉತ್ಪಾದನಾ ವಿಭಾಗದವರು ಗೊಣಗುತ್ತಾರೆ. ಗೊಣಗಲಿ. ಈ ನಿಯಮ ಪ್ರತಿ ಕಾರ್ಖಾನೆ, ಪ್ರತಿ ಕಚೇರಿಯಲ್ಲಿ ಇರಬೇಕೆಂದೇ ನನ್ನ ವಾದ.

ಬ್ಯಾಕಪ್ಪನ್ನು ರಾತ್ರಿ ಎರಡು ಗಂಟೆಗೆ ಬದಲಿಸಿದ ದಿನ ಮಗನಿಗೆ ಈ ಕಥೆ ಹೇಳಿ, ಅವನಿಗೆ ಬೈದಿದ್ದಕ್ಕೆ ತಪ್ಪಾಯಿತೆಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ: “ಮತ್ತ ಆ ಮನುಷ್ಯಾಗೂ ಹೇಳೀರೇನು?” ಕಾರಣ ಸಿಕ್ಕ ಮೇಲೆ ಫೋನ್ ಮಾಡಲು ನನಗೆ ಒಂದು ತಿಂಗಳು ಬೇಕಾಯಿತು, ಅಷ್ಟರಲ್ಲಿ ಆ ನಂಬರು ಬಂದಾಗಿತ್ತು ಎಂದು ಹೇಳಬೇಕಾಯಿತು.